ಪಥ್ಯವೂ ವ್ರತವೂ: ಅನಿಷ್ಟತ್ಯಾಗ ಮತ್ತು ರಸಪರಿತ್ಯಾಗಗಳ ವಿವೇಚನೆ



ಆಹಾರವನ್ನು ಬಿಡುವುದು ನಮ್ಮ ಮನೆಗಳಿಗೆ ಹೊಸದಲ್ಲ. ಅಷ್ಟಮಿ-ಚತುರ್ದಶಿಗಳ ಉಪವಾಸ, ಏಕಾಶನ, ಸೂರ್ಯಾಸ್ತದೊಳಗಿನ ಊಟ, ಕಂದಮೂಲಗಳ ತ್ಯಾಗ ಇವುಗಳ ನಡುವೆಯೇ ನಾವು ಬೆಳೆದವರು. ಆದರೆ ಬಿಟ್ಟದ್ದೆಲ್ಲವೂ ವ್ರತವೇ? ವೈದ್ಯರ ಮಾತಿನಂತೆ ಹಾಲು ಬಿಟ್ಟವನ ತಟ್ಟೆಯೂ ಜಿನಬಿಂಬದ ಮುಂದೆ ಕೈಮುಗಿದು ಹಾಲು ಬಿಟ್ಟವನ ತಟ್ಟೆಯೂ ನೋಡುವವರ ಕಣ್ಣಿಗೆ ಒಂದೇ. ಅವರಿಬ್ಬರ ಅಂತರಂಗದಲ್ಲಿ ನಡೆಯುವುದೂ ಒಂದೇ ಆಗಿರುತ್ತದೆಯೇ?

ಈ ಪ್ರಶ್ನೆಯನ್ನು ಕಳೆದ ವರ್ಷ ನನ್ನ ಮುಂದಿಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಅವನು ಅಮೆರಿಕದಲ್ಲಿ ಹೆಂಡತಿಯೊಡನೆ ವಾಸವಾಗಿದ್ದಾನೆ. ಹಲವು ವರ್ಷಗಳಿಂದ ಊಟವಾದ ಮೇಲೆ ಹೊಟ್ಟೆಯುಬ್ಬರ, ನುಲಿತ, ನಿದ್ರಾಭಂಗಗಳಿಂದ ನೊಂದವನು. ಅಲ್ಲಿಯ ವೈದ್ಯರು ಒಂದು ಪಥ್ಯವನ್ನು ಸೂಚಿಸಿದರು. ಹಾಲು, ಗೋಧಿ, ಸೋಯಾ, ಕಡಲೆಕಾಯಿ ಮತ್ತು ಬಾದಾಮಿ-ಗೋಡಂಬಿಯಂಥ ಬೀಜಗಳನ್ನು ಕೆಲವು ವಾರ ಸಂಪೂರ್ಣವಾಗಿ ಬಿಡಬೇಕು. ಆಮೇಲೆ ಒಂದೊಂದಾಗಿ ಮರಳಿ ತಿಂದು ನೋಡಬೇಕು. ಅವನು ನನಗೆ ಹೀಗೆ ಬರೆದನು: “ಮೇಷ್ಟ್ರೇ, ಹೇಗೂ ಇಷ್ಟೆಲ್ಲ ಬಿಡುತ್ತಿದ್ದೇನೆ. ಇದನ್ನೇ ರಸಪರಿತ್ಯಾಗವೆಂದು ಸಂಕಲ್ಪ ಮಾಡಿ ಆಜೀವ ವ್ರತವಾಗಿ ತೆಗೆದುಕೊಳ್ಳಲೇ?” ಊರಿನಲ್ಲಿರುವ ಅವನ ತಾಯಿಯ ಚಿಂತೆ ಬೇರೆ. “ಹಾಲು-ತುಪ್ಪ ಬಿಟ್ಟು ಮಗು ಏನು ತಿಂದು ಬದುಕೀತು? ನೀವಾದರೂ ಹೇಳಿ ಮೇಷ್ಟ್ರೇ” ಎಂದು ಆಕೆ ನಮ್ಮ ಮನೆಗೇ ಬಂದು ಕುಳಿತರು. ಇಬ್ಬರಿಗೂ ನಾನು ಕೊಟ್ಟ ಉತ್ತರವನ್ನು, ಅದರಿಂದ ನಾನೇ ಕಲಿತದ್ದನ್ನು, ಈ ಪಾಠದಲ್ಲಿ ಓದುಗರಿಗೆ ನಿವೇದಿಸುತ್ತೇನೆ.

ಶಾಸ್ತ್ರದ ವಿಭಾಗ

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವೆಂಬ ಗುಣವ್ರತದ ನಿರೂಪಣೆ ಬರುತ್ತದೆ. ಒಮ್ಮೆ ಬಳಸಿದರೆ ತೀರಿಹೋಗುವ ಅನ್ನ, ಪುಷ್ಪ, ಗಂಧಾದಿಗಳು ಭೋಗ. ಮತ್ತೆ ಮತ್ತೆ ಬಳಕೆಗೆ ಬರುವ ವಸ್ತ್ರ, ಶಯ್ಯೆ, ವಾಹನಾದಿಗಳು ಉಪಭೋಗ. ಇವೆರಡಕ್ಕೂ ಮಿತಿ ಹಾಕಿಕೊಳ್ಳುವುದೇ ಈ ವ್ರತ. ಇದೇ ಸಂದರ್ಭದಲ್ಲಿ ಬಿಡತಕ್ಕ ಪದಾರ್ಥಗಳ ವಿವೇಚನೆಯೂ ಇದೆ. ಅದನ್ನು ನಮ್ಮ ಹಿರಿಯರು ಐದು ಬಗೆಯಾಗಿ ಪಾಠ ಹೇಳುತ್ತಿದ್ದರು. ತ್ರಸಜೀವಿಗಳ ಘಾತದಿಂದ ಬಂದ ಮಧು-ಮಾಂಸಗಳು ಮೊದಲನೆಯವು. ಪ್ರಮಾದವನ್ನುಂಟುಮಾಡುವ ಮದ್ಯ ಎರಡನೆಯದು. ಫಲ ಅಲ್ಪವಾಗಿ ಘಾತ ಬಹಳವಾಗಿರುವ ಹಸಿಶುಂಠಿ, ಗೆಡ್ಡೆಗೆಣಸು ಮುಂತಾದುವು ಮೂರನೆಯವು. ನಾಲ್ಕನೆಯದು ಅನಿಷ್ಟ, ಐದನೆಯದು ಅನುಪಸೇವ್ಯ.

ಇವುಗಳಲ್ಲಿ ನಾಲ್ಕನೆಯದನ್ನು ನಾವು ಸಾಮಾನ್ಯವಾಗಿ ಅವಸರದಲ್ಲಿ ದಾಟಿಹೋಗುತ್ತೇವೆ. ಅನಿಷ್ಟವೆಂದರೆ ಇಲ್ಲಿ ಅಮಂಗಳವೆಂದು ಅರ್ಥವಲ್ಲ. ಪದಾರ್ಥವು ಸ್ವತಃ ಭಕ್ಷ್ಯವೇ ಆಗಿದ್ದರೂ ತನ್ನ ದೇಹಪ್ರಕೃತಿಗೆ ಒಗ್ಗದಿದ್ದರೆ ಅದು ಆ ವ್ಯಕ್ತಿಗೆ ಅನಿಷ್ಟ. ಟೀಕಾಕಾರರಾದ ಪ್ರಭಾಚಂದ್ರರು ಇದಕ್ಕೆ ಹೊಟ್ಟೆಶೂಲೆಯನ್ನೇ ನಿದರ್ಶನವಾಗಿ ಎತ್ತಿಕೊಳ್ಳುತ್ತಾರೆ. ಅಂದಮೇಲೆ ಒಬ್ಬನ ಹೊಟ್ಟೆಗೆ ಒಗ್ಗದ ಆಹಾರವನ್ನು ಗುರುತಿಸಿ ಬಿಡುವುದು ಪಾಶ್ಚಾತ್ಯರಿಂದ ಬಂದ ವಿಚಾರವೇನೂ ಅಲ್ಲ. ಶ್ರಾವಕಾಚಾರದ ಒಳಗೇ ಅದಕ್ಕೊಂದು ಸ್ಥಾನವಿದೆ.

ಆದರೆ ಆಚಾರ್ಯರು ಅಷ್ಟಕ್ಕೇ ನಿಲ್ಲಲಿಲ್ಲ. ಅನಿಷ್ಟವನ್ನೂ ಅನುಪಸೇವ್ಯವನ್ನೂ ಬಿಡಬೇಕೆಂದು ವಿಧಿಸಿದ ಕೂಡಲೇ ವ್ರತದ ಸ್ವರೂಪವನ್ನೂ ಹೇಳಿದರು. ತನಗೆ ಯೋಗ್ಯವಾದ ವಿಷಯದಿಂದಲೂ, ತಿಳಿದು, ಅಭಿಪ್ರಾಯಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತವೆಂಬುದು ಅದರ ತಾತ್ಪರ್ಯ. ನೋವಿಗೆ ಹೆದರಿ ಬಿಟ್ಟದ್ದು ಬೇರೆ. ತಿನ್ನಬಲ್ಲದ್ದನ್ನು, ತಿನ್ನಲು ಹಿತವಾದದ್ದನ್ನು, ಆಸೆಯನ್ನು ಗೆಲ್ಲುವುದಕ್ಕಾಗಿ ಬಿಟ್ಟದ್ದು ಬೇರೆ. ಈ ಒಂದು ಭೇದವನ್ನು ಹಿಡಿದುಕೊಂಡರೆ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು.

ಪರೀಕ್ಷಾಪಥ್ಯದ ಕ್ರಮ

ಉಳಿದರ್ಧಕ್ಕೆ ಈ ಪಥ್ಯದ ಕ್ರಮವನ್ನು ತಿಳಿಯಬೇಕು. ಕ್ಯಾಲಿಫೋರ್ನಿಯದ ಓಕ್ಲೆಂಡ್ ನಗರದ ವೈದ್ಯ ಆಲ್ಬರ್ಟ್ ರೋ ಎಂಬವರು 1920ರ ದಶಕದಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಈಚೆಗೆ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು ಕರುಳಿನ ತೊಂದರೆಗಳಿಗಾಗಿ ಇಂಥದೇ ಇನ್ನೊಂದು ಕ್ರಮವನ್ನು ರೂಪಿಸಿದ್ದಾರೆ. ಹೆಸರುಗಳು ಬೇರೆಯಾದರೂ ಮೆಟ್ಟಿಲುಗಳು ಮೂರೇ. ಮೊದಲನೆಯದು ತ್ಯಾಗ: ಸಂಶಯಕ್ಕೆಡೆಯಾದ ಆಹಾರಗಳನ್ನು ಸಾಮಾನ್ಯವಾಗಿ 2ರಿಂದ 6 ವಾರಗಳವರೆಗೆ ಪೂರ್ಣವಾಗಿ ಬಿಡುವುದು. ಎರಡನೆಯದು ಪುನಃಪ್ರವೇಶ: ಬಿಟ್ಟವುಗಳಲ್ಲಿ ಒಂದನ್ನು ಮಾತ್ರ ತೆಗೆದುಕೊಂಡು, ಮೊದಲ ದಿನ ಸ್ವಲ್ಪ, ಮರುದಿನ ಇನ್ನಷ್ಟು, ಮೂರನೆಯ ದಿನ ವಾಡಿಕೆಯ ಪ್ರಮಾಣದಲ್ಲಿ ತಿಂದು ನೋಡಿ, ಕೆಲವು ದಿನ ಬಿಡುವು ಕೊಟ್ಟು ಮುಂದಿನದಕ್ಕೆ ಹೋಗುವುದು. ಮೂರನೆಯದು ನಿರ್ಣಯ: ತೊಂದರೆ ಕೊಟ್ಟದ್ದನ್ನು ಮಾತ್ರ ಬಿಟ್ಟು ಉಳಿದುದೆಲ್ಲವನ್ನೂ ಮರಳಿ ಊಟಕ್ಕೆ ಸೇರಿಸಿಕೊಳ್ಳುವುದು. ತಿಂದದ್ದು, ತಿಂದ ಹೊತ್ತು, ದೇಹದ ಪ್ರತಿಕ್ರಿಯೆ ಈ ಮೂರನ್ನೂ ದಿನವೂ ಬರೆದಿಡಬೇಕು.

ಎರಡನೆಯ ಮೆಟ್ಟಿಲನ್ನು ಏರದವನಿಗೆ ಮೊದಲನೆಯದು ವ್ಯರ್ಥ. ಐದು ಪದಾರ್ಥಗಳನ್ನು ಬಿಟ್ಟು ಸುಖವಾಯಿತೆಂದು ಅಲ್ಲಿಯೇ ನಿಂತುಬಿಟ್ಟರೆ, ತಪ್ಪಿತಸ್ಥ ಒಂದೇ ಇದ್ದರೂ ನಿರಪರಾಧಿಗಳಾದ ನಾಲ್ಕಕ್ಕೂ ಶಿಕ್ಷೆ ವಿಧಿಸಿದಂತಾಯಿತು. ಈ ಪಥ್ಯದಲ್ಲಿ ಬಿಡುವುದು ತಿಳಿಯುವುದಕ್ಕಾಗಿ. ವ್ರತದಲ್ಲಿಯಾದರೋ ಬಿಡುವುದು ತಿಳಿದ ಮೇಲೆ. ಆದುದರಿಂದ ಪರೀಕ್ಷೆ ಮುಗಿಯುವ ಮೊದಲು ಪ್ರತಿಜ್ಞೆ ಬೇಡವೆಂದು ನಾನು ಅವನಿಗೆ ಉತ್ತರಿಸಿದೆನು.

ನಮ್ಮ ಕೆಲವು ಮನೆಗಳಲ್ಲಿ ವಾರದ ರಸತ್ಯಾಗದ ರೂಢಿಯುಂಟು. ಭಾನುವಾರ ಉಪ್ಪು, ಸೋಮವಾರ ಹಸಿರು ಕಾಯಿಪಲ್ಲೆ, ಮಂಗಳವಾರ ಸಿಹಿ, ಬುಧವಾರ ತುಪ್ಪ, ಗುರುವಾರ ಹಾಲು, ಶುಕ್ರವಾರ ಮೊಸರು, ಶನಿವಾರ ಎಣ್ಣೆ ಹೀಗೆ ದಿನಕ್ಕೊಂದನ್ನು ಬಿಡುತ್ತಾರೆ. “ಇದೇ ನಮ್ಮ ಪೂರ್ವಿಕರ ಪರೀಕ್ಷಾಪಥ್ಯ” ಎಂದು ಯಾರಾದರೂ ಹೆಮ್ಮೆಪಟ್ಟರೆ ನಾನು ಒಪ್ಪಲಾರೆ. ಒಂದು ದಿನ ಹಾಲು ಬಿಟ್ಟು ಮರುದಿನ ಕುಡಿದರೆ ದೇಹದ ಗುಟ್ಟು ತಿಳಿಯದು. ಆ ರೂಢಿಯ ಉದ್ದೇಶವೂ ಅದಲ್ಲ. ನಾಲಗೆಗೆ ದಿನಕ್ಕೊಂದು ಬೇಲಿ ಹಾಕುವುದೇ ಅದರ ಉದ್ದೇಶ. ಹಾಗೆಯೇ ಮೊನಾಶ್ ಕ್ರಮದಲ್ಲಿ ಮೊದಲು ಬಿಡಿಸುವ ಪದಾರ್ಥಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಜೇನು ಇವೆಯೆಂದು ನಾವು ಹಿಗ್ಗಬೇಕಾಗಿಲ್ಲ. ನಾವು ಅವನ್ನು ಬಿಟ್ಟದ್ದು ಜೀವದಯೆಯಿಂದ, ವಾಯುವಿನ ಭಯದಿಂದಲ್ಲ. ನಾಳೆ ಅವು ಹೊಟ್ಟೆಗೆ ಹಿತವೆಂದು ಸಿದ್ಧವಾದರೂ ನಮ್ಮ ತ್ಯಾಗ ಅಲುಗಬಾರದು.

ಗಾಲಿಯ ಮನೆಯಲ್ಲಿ ಚಾತುರ್ಮಾಸ

ಈಗ ಅವನ ಅನುಭವಕ್ಕೆ ಬರೋಣ. ಆ ದಂಪತಿಗಳು ಎರಡು ವರ್ಷಗಳ ಹಿಂದೆ ನಗರದ ದೊಡ್ಡ ಮನೆಯನ್ನು ಬಿಟ್ಟು, ಆರ್.ವಿ. ಎಂದು ಅಲ್ಲಿಯವರು ಕರೆಯುವ ಗಾಲಿಯ ಮನೆಯೊಂದನ್ನು ಕೊಂಡಿದ್ದಾರೆ. ಒಂದೇ ಕೊಠಡಿ, ಅದರಲ್ಲಿಯೇ ಮಂಚ, ಎರಡು ಉರಿಯ ಅನಿಲದ ಒಲೆ, ಚಿಕ್ಕ ಶೀತಕಪಾಟು, ಸುಮಾರು 150 ಲೀಟರ್ ಹಿಡಿಯುವ ನೀರಿನ ತೊಟ್ಟಿ, ಚಾವಣಿಯ ಮೇಲೆ ಸೂರ್ಯಶಕ್ತಿಯ ಫಲಕ. ಇಬ್ಬರ ಕೆಲಸವೂ ಗಣಕಯಂತ್ರದಲ್ಲಿಯೇ ಆಗುವುದರಿಂದ ಎಲ್ಲಿದ್ದರೂ ನಡೆಯುತ್ತದೆ. ಆ ದೇಶದ ಸರ್ಕಾರಿ ಬಯಲುಗಳಲ್ಲಿ ಇಂಥ ಮನೆಯನ್ನು ನಿಲ್ಲಿಸಿ ತಂಗಬಹುದಾದರೂ ಸಾಮಾನ್ಯವಾಗಿ ಒಂದು ಸ್ಥಳದಲ್ಲಿ 14 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ಹೀಗೆ ಅವರು ಊರೂರು ತಿರುಗುತ್ತಿದ್ದರು.

ಪಥ್ಯಕ್ಕೆ ಈ ಅಲೆದಾಟ ಹೊಂದದು. ಸ್ಥಳ ಬದಲಾದರೆ ಅಂಗಡಿ ಬದಲಾಗುತ್ತದೆ; ಊಟದ ಹೊತ್ತೂ ಏರುಪೇರಾಗುತ್ತದೆ. ಆಗ ತೊಂದರೆ ಯಾವುದರಿಂದ ಬಂದಿತೆಂದು ಹೇಳುವುದು ಹೇಗೆ? ಆದುದರಿಂದ ಅವರು ನ್ಯೂ ಮೆಕ್ಸಿಕೊ ರಾಜ್ಯದ ಒಂದು ಹಳ್ಳಿಯ ಅಂಚಿನಲ್ಲಿ ರೈತನೊಬ್ಬನ ಜಾಗವನ್ನು ಬಾಡಿಗೆಗೆ ಹಿಡಿದು, ಆಷಾಢದಿಂದ ಕಾರ್ತಿಕದವರೆಗೆ ಅಲ್ಲಿಂದ ಕದಲುವುದಿಲ್ಲವೆಂದು ನಿಯಮ ಮಾಡಿಕೊಂಡರು. ವಾರಕ್ಕೊಮ್ಮೆ ಪೇಟೆಗೆ ಹೋಗಿಬರುವಷ್ಟೇ ಮೇರೆ. ಮನೆ, ಬೀದಿ, ಹೊಲ, ನದಿಗಳನ್ನು ಗಡಿಯಾಗಿ ಗುರುತಿಸಿ, ಪಕ್ಷ, ಮಾಸ, ಋತುಗಳನ್ನು ಅವಧಿಯಾಗಿ ಇಟ್ಟುಕೊಳ್ಳುವ ದೇಶಾವಕಾಶಿಕ ವ್ರತದ ನೆರಳು ಇದರಲ್ಲಿರುವುದನ್ನು ಓದುಗರು ಗಮನಿಸಬಹುದು.

ಪಾಶ್ಚಾತ್ಯರ ಪಟ್ಟಿಗಳು ನಮ್ಮವರಿಗೆ ಹಾಗೆಯೇ ಒಪ್ಪುವುದಿಲ್ಲ. ನಿರಪಾಯವೆಂದು ಅವರು ಹೇಳುವ ಊಟದಲ್ಲಿ ಆಲೂಗಡ್ಡೆ, ಗೆಣಸು, ಗಜ್ಜರಿಗಳಿಗೇ ದೊಡ್ಡ ಪಾಲು. ಮಾಂಸ-ಮತ್ಸ್ಯಗಳ ಮಾತು ಹೇಳಲೇಬೇಕಾಗಿಲ್ಲ. ಅವನ ಹೆಂಡತಿ ಇದನ್ನೆಲ್ಲ ಅಲ್ಲಿಯ ಆಹಾರತಜ್ಞೆಗೆ ವಿವರಿಸಿ ಬೇರೆ ಪಟ್ಟಿಯನ್ನು ಬರೆಸಿಕೊಂಡಳು. ಅಕ್ಕಿ, ರಾಗಿಹಿಟ್ಟು, ಹೆಸರುಬೇಳೆ, ಸೋರೆಕಾಯಿ, ಸೌತೆಕಾಯಿ, ಹುರುಳಿಕಾಯಿ, ಬಾಳೆಹಣ್ಣು, ತೆಂಗಿನಕಾಯಿ, ಎಣ್ಣೆ, ಉಪ್ಪು, ಜೀರಿಗೆ, ಮೆಣಸು, ಇಂಗು: ಒಟ್ಟು ಹದಿಮೂರು. ಒಂದು ಚಿಕ್ಕ ಕಪಾಟಿನಲ್ಲಿ ಹಿಡಿಸುವಷ್ಟು. ತೊಟ್ಟಿಯ ನೀರನ್ನು ಪ್ರತಿ ಸಲವೂ ಬಟ್ಟೆಯಲ್ಲಿ ಸೋಸಿ, ಕಾಯಿಸಿ ಕುಡಿದರು. ವಿದ್ಯುತ್ತನ್ನು ಲೆಕ್ಕಹಾಕಿ ಬಳಸಬೇಕಾದ್ದರಿಂದ ಬೆಳಕಿರುವಾಗಲೇ ಅಡಿಗೆ-ಊಟ ಮುಗಿಯುತ್ತಿತ್ತು. ನಗರದಲ್ಲಿದ್ದಾಗ ಕಷ್ಟಪಟ್ಟು ನಡೆಸುತ್ತಿದ್ದ ರಾತ್ರಿಭೋಜನತ್ಯಾಗ ಇಲ್ಲಿ ಪ್ರಯಾಸವಿಲ್ಲದೆ ಸಾಗಿತು.

ಹತ್ತು ದಿನ ಕಳೆದರೂ ಹೊಟ್ಟೆಯ ಉಬ್ಬರ ಕಡಿಮೆಯಾದಂತೆ ಕಾಣಲಿಲ್ಲ. ಬೇಸತ್ತು ಒಂದು ಸಂಜೆ ಕಪಾಟಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒಂದೊಂದರ ಚೀಟಿಯನ್ನೂ ಓದಿದರು. ಇಂಗಿನ ಡಬ್ಬಿಯ ಮೇಲೆ ಗೋಧಿಹಿಟ್ಟು ಎಂದು ಮುದ್ರಿತವಾಗಿತ್ತು! ಅಂಗಡಿಯಲ್ಲಿ ದೊರೆಯುವ ಇಂಗು ಬಹುಮಟ್ಟಿಗೆ ಶುದ್ಧ ಇಂಗಲ್ಲ. ಗೋಂದು ಮತ್ತು ಗೋಧಿಯ ಅಥವಾ ಅಕ್ಕಿಯ ಹಿಟ್ಟನ್ನು ಕೂಡಿಸಿ ಮಾಡಿದ್ದು. ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ನಮ್ಮ ಅಡಿಗೆಯಲ್ಲಿ ಇಂಗಿಲ್ಲದ ಒಗ್ಗರಣೆ ಅಪರೂಪ. ಗೋಧಿ ಬಿಟ್ಟೆವೆಂದು ತಿಳಿದವರು ದಿನಕ್ಕೆರಡು ಸಲ ಅದನ್ನು ತಿನ್ನುತ್ತಲೇ ಇದ್ದರು. ಆ ಚಿಟಿಕೆಯಿಂದಲೇ ನೋವು ಬಂದಿತೆಂದು ಹೇಳಲಾಗದು. ಆದರೆ ಬಿಟ್ಟೆನೆಂದದ್ದು ಬಿಟ್ಟಿರಲಿಲ್ಲ, ಪರೀಕ್ಷೆ ಶುದ್ಧವಾಗಿರಲಿಲ್ಲ. ಅವರು ಇಂಗನ್ನು ಬಿಟ್ಟು ಲೆಕ್ಕವನ್ನು ಮೊದಲ ದಿನದಿಂದ ಆರಂಭಿಸಿದರು. “ದೊಡ್ಡ ಮನೆಯ ಅಡಿಗೆಕೋಣೆಯಲ್ಲಿ ನಮಗೆ ಅರುವತ್ತು ಡಬ್ಬಿಗಳಿದ್ದುವು ಮೇಷ್ಟ್ರೇ, ಅಲ್ಲಿ ಇದು ಎಂದಿಗೂ ಸಿಕ್ಕುತ್ತಿರಲಿಲ್ಲ” ಎಂದು ಅವನು ಬರೆದನು. ಪರಿಗ್ರಹ ಕಡಿಮೆಯಾದರೆ ದೃಷ್ಟಿ ನಿರ್ಮಲವಾಗುತ್ತದೆಂದು ನಾನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದವನು. ಅದನ್ನು ಇಂಗಿನ ಡಬ್ಬಿಯಲ್ಲಿ ಕಂಡವನು ನನ್ನ ಶಿಷ್ಯ.

ನಾನು ಅವನಿಗೆ ಸೂಚಿಸಿದ್ದು ಒಂದೇ ಸಂಗತಿ. ವೈದ್ಯರು ಹೇಳಿದ ಮೂರು ಅಂಕಣಗಳ ಪಕ್ಕದಲ್ಲಿ ನಾಲ್ಕನೆಯದೊಂದನ್ನು ಎಳೆದುಕೊಂಡು, ಅದರಲ್ಲಿ ಆ ದಿನ ಮನಸ್ಸು ಏನನ್ನು ಬಯಸಿತೆಂದು ಬರೆಯುವುದು. ಭೋಗೋಪಭೋಗ ಪರಿಮಾಣದ ಅತಿಚಾರಗಳಲ್ಲಿ ಹಿಂದೆ ಅನುಭವಿಸಿದ ಸುಖವನ್ನು ಮತ್ತೆ ಮತ್ತೆ ನೆನೆಯುವ ಅನುಸ್ಮೃತಿಯೂ, ಅತಿಯಾದ ಲೋಲುಪತೆಯೂ, ಮುಂದಿನ ಭೋಗದ ಅತಿತೃಷೆಯೂ ಎಣಿಕೆಗೆ ಬಂದಿವೆ. ಮೊದಲ ವಾರಗಳಲ್ಲಿ ಅವನ ನಾಲ್ಕನೆಯ ಅಂಕಣದ ತುಂಬ ತಾಯಿಯ ಕೈಯ ಒಬ್ಬಟ್ಟು, ಕಾಯಿಸಿದ ಹಾಲು, ತುಪ್ಪ ಸವರಿದ ಚಪಾತಿ! ಹೊಟ್ಟೆ ಬಿಟ್ಟದ್ದನ್ನು ಮನಸ್ಸು ಬಿಟ್ಟಿರಲಿಲ್ಲ. ಪಥ್ಯಕ್ಕೆ ಇದು ಅಡ್ಡಿಯಲ್ಲ, ವ್ರತಕ್ಕೆ ಅಡ್ಡಿ. ಎರಡರ ಅಂತರವನ್ನು ಅವನು ತನ್ನ ಬರವಣಿಗೆಯಲ್ಲಿಯೇ ಕಂಡುಕೊಂಡನು.

ಎರಡನೆಯ ಸಲ ನಾಲ್ಕು ವಾರ ತುಂಬುವಷ್ಟರಲ್ಲಿ ಹೊಟ್ಟೆ ಹಗುರವಾಯಿತು. ಆಮೇಲೆ ಗೋಧಿಯನ್ನು ಸೇರಿಸಿ ನೋಡಿದರು, ಬಾಧೆಯಿಲ್ಲ. ಕಡಲೆಕಾಯಿಯನ್ನು ನೋಡಿದರು, ಬಾಧೆಯಿಲ್ಲ. ಅಷ್ಟರಲ್ಲಿ ಭಾದ್ರಪದ ಶುಕ್ಲ ಪಂಚಮಿ ಬಂದಿತು. ದಶಲಕ್ಷಣ ಪರ್ವದಲ್ಲಿ ಏಕಾಶನ ಮಾಡಬೇಕೆಂದು ಅವನ ಇಚ್ಛೆ. ಉಪವಾಸವನ್ನೂ ಪರೀಕ್ಷೆಯನ್ನೂ ಒಟ್ಟಿಗೆ ಬೆರಸಿದರೆ ಯಾವುದರ ಫಲ ಯಾವುದೆಂದು ತಿಳಿಯದೆಂದು ಆಹಾರತಜ್ಞೆ ಹೇಳಿದಳು. ಆ ಹತ್ತು ದಿನ ಪರೀಕ್ಷೆಯನ್ನು ನಿಲ್ಲಿಸಿ, ತನಗೆ ಒಗ್ಗಿದ ಆಹಾರದಿಂದಲೇ ಏಕಾಶನ ನಡೆಸಿದನು. ಆಶ್ವಯುಜದಲ್ಲಿ ಸೋಯಾ ಮತ್ತು ಬೀಜಗಳ ಸರದಿ ಮುಗಿದ ಮೇಲೆ ತುಪ್ಪ, ಮೊಸರು, ಹಾಲುಗಳನ್ನು ಬೇರೆಬೇರೆಯಾಗಿ ನೋಡಿದನು. ತುಪ್ಪದಿಂದ ಏನೂ ಆಗಲಿಲ್ಲ. ಮೊಸರು ಸ್ವಲ್ಪವಾದರೆ ಒಗ್ಗಿತು. ಒಂದು ಲೋಟ ಹಾಲು ಕುಡಿದ ಕೆಲವೇ ಗಂಟೆಗಳಲ್ಲಿ ಹಳೆಯ ನುಲಿತ ಮರಳಿತು. ಕೆಲವು ದಿನ ಬಿಟ್ಟು ಮತ್ತೆ ನೋಡಿದಾಗಲೂ ಹಾಗೆಯೇ. ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಕಿಣ್ವವು ವಯಸ್ಸಾದಂತೆ ಅನೇಕರಲ್ಲಿ ಕುಗ್ಗುತ್ತದೆ. ಮೊಸರಿನಲ್ಲಿ ಆ ಸಕ್ಕರೆ ಕಡಿಮೆ. ತುಪ್ಪದಲ್ಲಿ ಇಲ್ಲವೆನ್ನುವಷ್ಟು ಅಲ್ಪ. ವೈದ್ಯರೂ ಇದನ್ನೇ ಕಾರಣವೆಂದು ನಿರ್ಣಯಿಸಿದರು. ಮೊದಲೇ ಅವನು ಐದನ್ನೂ ಆಜೀವವಾಗಿ ಬಿಟ್ಟಿದ್ದರೆ!

ಎಚ್ಚರದ ಮಾತು

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ನನ್ನ ಅಕ್ಕ ಬಹಳ ವರ್ಷಗಳ ಹಿಂದೆ ಹಾಲು, ಮೊಸರು, ತುಪ್ಪಗಳನ್ನು ಜೀವನಪರ್ಯಂತ ಬಿಟ್ಟಳು. ನಾನು ಬಸದಿಯ ಸಭೆಯಲ್ಲಿ ಎದ್ದುನಿಂತು ಅವಳ ತ್ಯಾಗವನ್ನು ಕೊಂಡಾಡಿದೆನು. ನಾಲ್ಕೈದು ವರ್ಷಗಳಲ್ಲಿ ಅವಳಿಗೆ ಹತ್ತಿಯ ಮೇಲೆ ನಡೆದಂತೆ ಅಂಗಾಲು ಜೋಮುಹಿಡಿಯತೊಡಗಿತು, ಹೊಸ್ತಿಲಲ್ಲಿ ಎಡವಿ ಬೀಳುವಳು, ಹೆಸರುಗಳನ್ನು ಮರೆಯುವಳು. ವಯಸ್ಸಿನ ದೋಷವೆಂದು ನಾವು ಸುಮ್ಮನಿದ್ದೆವು. ಕಡೆಗೆ ರಕ್ತಪರೀಕ್ಷೆಯಿಂದ ಬಿ-12 ಜೀವಸತ್ತ್ವದ ಕೊರತೆಯೆಂದು ತಿಳಿಯಿತು. ಸಸ್ಯಾಹಾರಿಗಳಿಗೆ ಅದು ದೊರೆಯುವ ಮುಖ್ಯ ಮೂಲ ಹಾಲು-ಮೊಸರುಗಳೇ. ದೇಹದಲ್ಲಿ ಕೂಡಿಟ್ಟದ್ದು ಕೆಲವು ವರ್ಷ ಸಾಲುವುದರಿಂದ ಕೊರತೆ ತಡವಾಗಿ ತೋರುತ್ತದೆ. ಚುಚ್ಚುಮದ್ದಿನಿಂದ ಅವಳು ಬಹುಮಟ್ಟಿಗೆ ಚೇತರಿಸಿಕೊಂಡಳು. ಆದರೆ ಪಾದಗಳ ಜೋಮು ಪೂರ್ತಿಯಾಗಿ ಹೋಗಲಿಲ್ಲ. ವ್ರತ ಕೆಡಲಿಲ್ಲ, ಔಷಧ ತೆಗೆದುಕೊಂಡದ್ದರಿಂದ ಅದು ಕೆಡಬೇಕಾಗಿಯೂ ಇರಲಿಲ್ಲ. ಹೊಗಳಲು ಬಾಯಿದ್ದ ನನಗೆ “ಅಕ್ಕಾ, ನಿನ್ನ ಆರೋಗ್ಯ ಹೇಗಿದೆ?” ಎಂದು ಕೇಳಲು ಬಾಯಿರಲಿಲ್ಲವೆಂಬುದೇ ನನ್ನನ್ನು ಇಂದಿಗೂ ಕೊರೆಯುತ್ತದೆ. ಷೋಡಶ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವನ್ನು ಆಚಾರ್ಯರು ಸುಮ್ಮನೆ ಸೇರಿಸಲಿಲ್ಲ.

ಆದುದರಿಂದ ಪಥ್ಯ ಮಾಡುವವರೂ ರಸತ್ಯಾಗ ಮಾಡುವವರೂ ಕೆಲವನ್ನು ನೆನಪಿಡಬೇಕು. ಗೋಧಿಯ ಮೇಲೆ ಸಂಶಯವಿದ್ದರೆ ಅದನ್ನು ಬಿಡುವ ಮೊದಲೇ ಸೀಲಿಯಾಕ್ ರೋಗದ ರಕ್ತಪರೀಕ್ಷೆ ಮಾಡಿಸಬೇಕು. ಬಿಟ್ಟ ಮೇಲೆ ಮಾಡಿಸಿದರೆ ರೋಗವಿದ್ದರೂ ಕಾಣದೆ ಹೋಗಬಹುದು. ನನ್ನ ವಿದ್ಯಾರ್ಥಿಗೆ ಈ ಪರೀಕ್ಷೆ ಮೊದಲೇ ಆಗಿತ್ತು. ಒಂದು ಪದಾರ್ಥವನ್ನು ತಿಂದ ಕೂಡಲೇ ತುಟಿ ಊದುವುದು, ಉಸಿರು ಕಟ್ಟುವುದು ಇದ್ದವರು ಅದನ್ನು ಮನೆಯಲ್ಲಿ ಎಂದಿಗೂ ಮರಳಿ ತಿಂದು ನೋಡಕೂಡದು, ಅದು ಪ್ರಾಣಾಪಾಯ. ಮಕ್ಕಳು, ಗರ್ಭಿಣಿಯರು, ಬಾಣಂತಿಯರು, ಸಕ್ಕರೆ ರೋಗಕ್ಕೆ ಔಷಧ ಸೇವಿಸುವವರು ವೈದ್ಯರ ಸಲಹೆಯಿಲ್ಲದೆ ಇದಕ್ಕೆ ಕೈಹಾಕಬಾರದು. ಹಾಲನ್ನು ದೀರ್ಘಕಾಲ ಬಿಟ್ಟವರು ಬಿ-12 ಮತ್ತು ಸುಣ್ಣದ ಅಂಶಗಳ ಬಗ್ಗೆ ವೈದ್ಯರನ್ನು ಕೇಳಬೇಕು. ಔಷಧದ ಮೃದುಕೋಶಗಳನ್ನು ಸಾಮಾನ್ಯವಾಗಿ ಪ್ರಾಣಿಗಳ ಚರ್ಮ-ಮೂಳೆಗಳಿಂದ ತೆಗೆದ ಜೆಲಟಿನ್‌ನಿಂದ ಮಾಡುತ್ತಾರಾದ್ದರಿಂದ, ಅದಿಲ್ಲದ ಗುಳಿಗೆಯನ್ನು ಕೇಳಿ ಪಡೆಯಬೇಕು.

ಪಥ್ಯದಿಂದ ವ್ರತಕ್ಕೆ

ಕಾಲಮಿತಿಯುಳ್ಳ ತ್ಯಾಗ ನಿಯಮ, ಜೀವನಪರ್ಯಂತದ ತ್ಯಾಗ ಯಮ ಎಂದು ಸಮಂತಭದ್ರರು ವಿಭಾಗಿಸಿದ್ದಾರೆ. ಇಂದಿನ ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಹೀಗೆ ನಿಯಮಕ್ಕೆ ಅವಧಿಗಳನ್ನೂ ತೋರಿಸಿದ್ದಾರೆ. ಗೃಹಸ್ಥನು ಚಿಕ್ಕ ಅವಧಿಯಿಂದ ಆರಂಭಿಸಿ ತನ್ನ ಶಕ್ತಿಯನ್ನು ಅರಿತು ಮುಂದುವರಿಯಲೆಂಬ ಕರುಣೆ ಇದರಲ್ಲಿದೆ. ತತ್ತ್ವಾರ್ಥಸೂತ್ರವು ಹೇಳುವ ಆರು ಬಾಹ್ಯತಪಗಳಲ್ಲಿ ರಸಪರಿತ್ಯಾಗ ನಾಲ್ಕನೆಯದು. ಅದರ ಗುರಿ ಇಂದ್ರಿಯಗಳ ದರ್ಪವನ್ನು ಇಳಿಸಿ ಸ್ವಾಧ್ಯಾಯಕ್ಕೆ ಮನಸ್ಸನ್ನು ಹಗುರಗೊಳಿಸುವುದು, ರೋಗನಿವಾರಣೆ ಅಲ್ಲ.

ಕಾರ್ತಿಕದ ಕೊನೆಗೆ ಅವನ ಪತ್ರ ಬಂದಿತು: “ಮೇಷ್ಟ್ರೇ, ಹಾಲನ್ನು ಬಿಟ್ಟಿದ್ದೇನೆ. ಅದು ನನಗೆ ಅನಿಷ್ಟ. ಅದಕ್ಕೆ ನಾನು ಪುಣ್ಯವನ್ನು ಲೆಕ್ಕಹಾಕುವುದಿಲ್ಲ. ತುಪ್ಪ ನನಗೆ ಒಗ್ಗುತ್ತದೆ. ನಾಲ್ಕನೆಯ ಅಂಕಣವನ್ನು ತಿರುವಿ ನೋಡಿದರೆ ನಾನು ಹೆಚ್ಚು ಬಯಸಿದ್ದೂ ಅದನ್ನೇ. ಆದ್ದರಿಂದ ಹೇಮಂತ ಋತುವಿನ ಎರಡು ತಿಂಗಳು ತುಪ್ಪವನ್ನು ಬಿಡುತ್ತೇನೆ. ಆಹಾರತಜ್ಞೆಯನ್ನೂ ಕೇಳಿದ್ದೇನೆ. ಇದು ವ್ರತವಾದೀತೇ?”

ಆದೀತೆಂದು ನಾನು ಬರೆದೆನು. ಅವನ ತಾಯಿಗೆ ಪತ್ರವನ್ನು ಓದಿ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗಲಿ ಬಿಡಿ, ಮೊಸರಾದರೂ ತಿನ್ನುತ್ತಾನಲ್ಲ” ಎಂದರು. ಮರುದಿನ ಬಸದಿಯಲ್ಲಿ ಕಂಡಾಗ ತಾವೂ ಆ ಎರಡು ತಿಂಗಳು ತುಪ್ಪ ಬಿಟ್ಟಿರುವುದಾಗಿ ತಿಳಿಸಿದರು. ಈ ಸಲ ನಾನು ಹೊಗಳಲಿಲ್ಲ. “ಅಮ್ಮಾ, ರಕ್ತಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು?” ಎಂದು ಕೇಳಿದೆನು.

ಮನನಕ್ಕೆ

1. ಅನಿಷ್ಟ ಮತ್ತು ಅಭಕ್ಷ್ಯದ ಉಳಿದ ಬಗೆಗಳಿಗೆ ಇರುವ ಭೇದವೇನು? ಅನಿಷ್ಟವು ಎಲ್ಲರಿಗೂ ಒಂದೇ ಆಗಿರಲು ಸಾಧ್ಯವೇ?

2. ನಿಮ್ಮ ಮನೆಯಲ್ಲಿ ಬಿಟ್ಟಿರುವ ಆಹಾರಗಳ ಪಟ್ಟಿ ಮಾಡಿ, ಯಾವುದು ಜೀವದಯೆಯಿಂದ, ಯಾವುದು ದೇಹಪ್ರಕೃತಿಯಿಂದ, ಯಾವುದು ಇಂದ್ರಿಯನಿಗ್ರಹಕ್ಕಾಗಿ ಬಿಟ್ಟದ್ದೆಂದು ವಿಂಗಡಿಸಿರಿ.

3. ಯಮ-ನಿಯಮಗಳ ವ್ಯತ್ಯಾಸವನ್ನು ಒಂದೊಂದು ಸ್ವಂತ ಉದಾಹರಣೆಯಿಂದ ವಿವರಿಸಿರಿ.

4. ಒಂದು ವಾರ ದಿನಚರಿಯಲ್ಲಿ ‘ನಾಲ್ಕನೆಯ ಅಂಕಣ’ವನ್ನು ಬರೆದು ನೋಡಿರಿ. ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ.